ಎಣಿಸಿದರೆ ಸರಿಹೋಗುವ ಲೆಕ್ಕ

ಸಂಕ್ರಾಂತಿಯ ಎಳ್ಳುಬೆಲ್ಲ ಹಂಚಿ ಮುಗಿಯುವ ಹೊತ್ತಿಗೆ ಹೈದರಾಬಾದಿನ ಆಕಾಶದಲ್ಲಿ ಗಾಳಿಪಟಗಳು ವಿರಳವಾಗುತ್ತವೆ. ಅದೇ ವಾರ ನಮ್ಮಲ್ಲಿ ನೌಕರಿ ಮಾಡುವವರೆಲ್ಲರಿಗೂ ಕಚೇರಿಯ ಲೆಕ್ಕಪತ್ರ ವಿಭಾಗದಿಂದ ಒಂದು ಸಂದೇಶ ಬರುತ್ತದೆ: ಏಪ್ರಿಲ್‌ನಲ್ಲಿ ಘೋಷಿಸಿದ್ದ ಉಳಿತಾಯದ ದಾಖಲೆಗಳನ್ನು ತಿಂಗಳ ಕೊನೆಯೊಳಗೆ ಸಲ್ಲಿಸಿರಿ, ಇಲ್ಲವಾದರೆ ಫೆಬ್ರವರಿ, ಮಾರ್ಚ್ ತಿಂಗಳ ವೇತನದಲ್ಲಿ ತೆರಿಗೆಯನ್ನು ಹಿಡಿದುಕೊಳ್ಳಲಾಗುವುದು. ಈ ಸಲದ ನಮ್ಮ ಬಳಗದ ಸಭೆಯಲ್ಲಿ ಕವಿತಾವಾಚನ ಮುಗಿದು ಚಹಾ ಬಂದಾಗ ನಡೆದ ಮಾತೆಲ್ಲ ಕವಿತೆಯನ್ನು ಬಿಟ್ಟು ಇದರ ಸುತ್ತಲೇ ತಿರುಗಿತು. ಯಾವ ಪಾಲಿಸಿ ತೆಗೆದುಕೊಳ್ಳಬೇಕು, ಬಾಡಿಗೆ ಚೀಟಿ ಯಾರ ಹೆಸರಿನಲ್ಲಿ ಬರೆಸಬೇಕು, ಹಳೆಯ ಪದ್ಧತಿಯೋ ಹೊಸದೋ ಎಂದು ಪ್ರತಿಯೊಬ್ಬರೂ ಮತ್ತೊಬ್ಬರನ್ನು ಕೇಳುತ್ತಿದ್ದರು. ಉತ್ತರ ಹೇಳುತ್ತಿದ್ದವರ ಧೈರ್ಯಕ್ಕೂ ಅವರ ತಿಳಿವಳಿಕೆಗೂ ಅಷ್ಟಾಗಿ ಹೊಂದಿಕೆ ಇದ್ದಂತೆ ಕಾಣಲಿಲ್ಲ.

ಸಾಹಿತ್ಯದ ಬಳಗವೊಂದು ತೆರಿಗೆಯ ಬಗ್ಗೆ ಬರೆಯುವುದೇಕೆಂದು ಓದುಗರು ಕೇಳಬಹುದು. ನಮಗೆ ತೋರುವ ಕಾರಣ ಇಷ್ಟೇ. ತವರು ರಾಜ್ಯವನ್ನು ಬಿಟ್ಟು ಬಂದ ಕುಟುಂಬಗಳ ನಿಜವಾದ ಬದುಕು, ಎಂದರೆ ಇಲ್ಲಿಯ ಬಾಡಿಗೆ ಮನೆ, ಅಲ್ಲಿಯ ಸಾಲದ ಮನೆ, ಊರಿನಲ್ಲಿ ಉಳಿದ ತಾಯಿತಂದೆಯರ ಔಷಧಿ, ಮಕ್ಕಳ ಶಾಲೆ, ಇವೆಲ್ಲವೂ ಒಟ್ಟಾಗಿ ದಾಖಲಾಗುವ ಸ್ಥಳ ವರ್ಷಕ್ಕೊಮ್ಮೆ ಸಲ್ಲಿಸುವ ಆ ವಿವರಪಟ್ಟಿಯೊಂದೇ. ಅದನ್ನು ನಾವು ಎಷ್ಟು ಅವಸರದಿಂದಲೂ ಎಷ್ಟು ಅಪ್ರಾಮಾಣಿಕವಾಗಿಯೂ ತುಂಬುತ್ತೇವೆಂಬುದು ನಮ್ಮನ್ನು ಕೆಲವು ವರ್ಷಗಳಿಂದ ಕಾಡುತ್ತಿದೆ. ಕಾನೂನು ಕೊಡುವ ಕಡಿತಗಳಲ್ಲಿ ನಿಜವಾಗಿ ನಮಗೆ ಸಲ್ಲುವುದನ್ನು ಸಂಕೋಚದಿಂದಲೋ ಅಜ್ಞಾನದಿಂದಲೋ ಬಿಟ್ಟುಕೊಡುತ್ತೇವೆ; ಸಲ್ಲದ್ದನ್ನು ಮಾತ್ರ ಧೈರ್ಯವಾಗಿ ಬರೆಯುತ್ತೇವೆ. ಇದು ತಲೆಕೆಳಗಾಗಬೇಕೆಂಬುದೇ ಈ ಲೇಖನದ ವಾದ.

ಮೊದಲು ಮಾತುಗಳನ್ನು ಬಿಡಿಸಿಕೊಳ್ಳೋಣ. ನಮ್ಮ ಆಡುಮಾತಿನಲ್ಲಿ ಎಲ್ಲಕ್ಕೂ ‘ತೆರಿಗೆ ವಿನಾಯಿತಿ’ ಎಂಬ ಒಂದೇ ಹೆಸರು ಸಲ್ಲುತ್ತದೆ. ಕಾನೂನಿನಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ. ಬಾಡಿಗೆ ಭತ್ಯೆಯ ಒಂದು ಭಾಗದಂತೆ ಆದಾಯದ ಲೆಕ್ಕಕ್ಕೇ ಬಾರದಿರುವುದು ವಿನಾಯಿತಿ. ಭವಿಷ್ಯನಿಧಿ, ವಿಮೆಯ ಕಂತು ಮೊದಲಾದವನ್ನು ಒಟ್ಟು ಆದಾಯದಿಂದ ಕಳೆಯುವುದು ಕಡಿತ. ತೆರಿಗೆಯನ್ನು ಲೆಕ್ಕ ಹಾಕಿದ ಮೇಲೆ ಆ ತೆರಿಗೆಯಲ್ಲಿಯೇ ಬಿಡುವುದು ರಿಯಾಯಿತಿ. ಈ ಭೇದ ತಿಳಿಯದಿದ್ದರೆ ಒಂದೂವರೆ ಲಕ್ಷ ರೂಪಾಯಿ ಕಟ್ಟಿದರೆ ಒಂದೂವರೆ ಲಕ್ಷ ರೂಪಾಯಿ ತೆರಿಗೆ ಉಳಿಯುತ್ತದೆಂಬ ಭ್ರಮೆ ಹುಟ್ಟುತ್ತದೆ. ಶೇ. 20ರ ಸ್ತರದಲ್ಲಿರುವವರಿಗೆ ಒಂದೂವರೆ ಲಕ್ಷದ ಕಡಿತದಿಂದ ಉಳಿಯುವುದು ಸೆಸ್ ಸೇರಿ 31,200 ರೂಪಾಯಿ, ಶೇ. 30ರ ಸ್ತರದಲ್ಲಿ 46,800 ರೂಪಾಯಿ. ಉಳಿದ ಹಣ ನಮ್ಮ ಕೈಯಿಂದ ಹೋದದ್ದೇ. ಅದು ಒಳ್ಳೆಯ ಕಡೆಗೆ ಹೋಯಿತೋ ಕೆಟ್ಟ ಕಡೆಗೆ ಹೋಯಿತೋ ಎಂಬುದು ತೆರಿಗೆಗಿಂತ ದೊಡ್ಡ ಪ್ರಶ್ನೆ.

ಈ ದೇಶಕ್ಕೆ ಆದಾಯ ತೆರಿಗೆ ಬಂದದ್ದು 1860ರಲ್ಲಿ. 1857ರ ದಂಗೆಯ ಬಳಿಕ ಬರಿದಾದ ಬೊಕ್ಕಸವನ್ನು ತುಂಬಲು ಜೇಮ್ಸ್ ವಿಲ್ಸನ್ ಅದನ್ನು ತಂದನು. ಜೀವವಿಮೆಯ ಕಂತನ್ನು ತೆರಿಗೆಯಿಂದ ಬಿಡುವ ಪದ್ಧತಿ 1922ರ ಕಾಯ್ದೆಯಲ್ಲಿಯೇ ಇತ್ತು. ನಾವಿರುವ ಈ ಹೈದರಾಬಾದಿಗೆ ತೆರಿಗೆ ತಡವಾಗಿ ಬಂತು. ನಿಜಾಮರ ಸಂಸ್ಥಾನದ ಆದಾಯ ತೆರಿಗೆ ಕಾಯ್ದೆ 1357ನೆಯ ಫಸಲಿಯದು, ಎಂದರೆ ಸಂಸ್ಥಾನದ ಕೊನೆಯ ದಿನಗಳದು. 1950ರಲ್ಲಿ ಭಾರತದ ಕಾಯ್ದೆ ಇಲ್ಲಿಗೂ ಅನ್ವಯವಾಯಿತು. ಆಗ ಬೀದರ, ಕಲಬುರಗಿ, ರಾಯಚೂರುಗಳು ಇದೇ ರಾಜ್ಯದಲ್ಲಿದ್ದವು. ಅಲ್ಲಿಂದ ಓದಿಗೂ ಉದ್ಯೋಗಕ್ಕೂ ಇಲ್ಲಿಗೆ ಬಂದ ನಮ್ಮ ಹಿರಿಯರಿಗೆ ಇದು ರಾಜಧಾನಿ. 1956ರ ನಂತರ ಊರು ಒಂದು ರಾಜ್ಯಕ್ಕೂ ಉದ್ಯೋಗ ಮತ್ತೊಂದು ರಾಜ್ಯಕ್ಕೂ ಸೇರಿದವು. ಎರಡು ಕಡೆ ಮನೆ ನಡೆಸುವ ನಮ್ಮ ಈಗಿನ ಸ್ಥಿತಿಯ ಬೇರು ಅಲ್ಲಿದೆ.

ಈಗ ಜನವರಿಯ ಪ್ರಶ್ನೆಗೆ ಬರೋಣ. ಪಾಲಿಸಿಯ ಮಾತಿಗೆ ಮೊದಲು ಪದ್ಧತಿಯ ಆಯ್ಕೆ ಆಗಬೇಕು. 2020ರಲ್ಲಿ ಬಂದ ಹೊಸ ತೆರಿಗೆ ಪದ್ಧತಿ 2023-24ನೆಯ ಆರ್ಥಿಕ ವರ್ಷದಿಂದ ತಾನಾಗಿಯೇ ಅನ್ವಯವಾಗುವ ಪದ್ಧತಿಯಾಗಿದೆ. ಹಳೆಯದು ಬೇಕೆಂದವರು ಕೇಳಿ ಪಡೆಯಬೇಕು. 2025-26ರಲ್ಲಿ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿಯಿಂದಾಗಿ ತೆರಿಗೆಯಿಲ್ಲ. ವೇತನದಾರರಿಗೆ 75,000 ರೂಪಾಯಿಯ ಪ್ರಮಾಣಿತ ಕಡಿತವೂ ಸೇರುವುದರಿಂದ 12.75 ಲಕ್ಷದ ವೇತನದವರೆಗೆ ತೆರಿಗೆ ಸೊನ್ನೆ. ಷೇರು ಮಾರಾಟದ ಲಾಭದಂತಹ ಪ್ರತ್ಯೇಕ ದರದ ಆದಾಯಗಳಿಗೆ ಮಾತ್ರ ಈ ಮಾತು ಸಲ್ಲದು. ನಮ್ಮ ಬಳಗದ ಅನೇಕ ಕಿರಿಯರ, ನಿವೃತ್ತರ ಆದಾಯ ಈ ಮಿತಿಯ ಒಳಗೇ ಇದೆ. ಅವರು ತೆರಿಗೆ ಉಳಿಸುವುದಕ್ಕೆಂದು ಈ ತಿಂಗಳು ಏನನ್ನೂ ಕೊಳ್ಳಬೇಕಾಗಿಲ್ಲ. ಹಾಗಿದ್ದೂ ಅವರಲ್ಲಿ ಕೆಲವರು ಕೊಳ್ಳುತ್ತಿದ್ದಾರೆ. ಜನವರಿಯಲ್ಲಿ ಕೊಳ್ಳಬೇಕೆಂಬ ಅಭ್ಯಾಸ ಉಳಿದುಬಿಟ್ಟಿದೆ.

ಅದಕ್ಕಿಂತ ಹೆಚ್ಚು ವೇತನವಿರುವವರ ಲೆಕ್ಕ ಸ್ವಲ್ಪ ಬೇರೆ. ಒಂದು ಉದಾಹರಣೆಯನ್ನು ಪೂರ್ತಿಯಾಗಿ ಮಾಡಿಬಿಡೋಣ. ವರ್ಷಕ್ಕೆ 15 ಲಕ್ಷ ವೇತನ ಪಡೆಯುವ ಒಬ್ಬರಿದ್ದಾರೆನ್ನಿ. ಅದರಲ್ಲಿ ಮೂಲ ವೇತನ 6 ಲಕ್ಷ, ಬಾಡಿಗೆ ಭತ್ಯೆ 2.4 ಲಕ್ಷ. ಹೊಸ ಪದ್ಧತಿಯಲ್ಲಿ 75,000 ಕಳೆದು 14.25 ಲಕ್ಷಕ್ಕೆ ತೆರಿಗೆ 93,750. ಸೆಸ್ ಸೇರಿ 97,500 ರೂಪಾಯಿ. ಇನ್ನು ಹಳೆಯ ಪದ್ಧತಿ. ಇವರು ತಿಂಗಳಿಗೆ 20,000 ರೂಪಾಯಿ ಬಾಡಿಗೆ ಕೊಡುತ್ತಾರೆ. ಪಡೆದ ಭತ್ಯೆ, ಬಾಡಿಗೆಯಲ್ಲಿ ಮೂಲ ವೇತನದ ಹತ್ತರಲ್ಲೊಂದು ಪಾಲನ್ನು ಕಳೆದದ್ದು, ಮೂಲ ವೇತನದ ಶೇ. 40, ಈ ಮೂರರಲ್ಲಿ ಅತಿ ಕಡಿಮೆಯದಕ್ಕೆ ವಿನಾಯಿತಿ. ಇಲ್ಲಿ ಅದು 1.8 ಲಕ್ಷ. ಕಲಬುರಗಿಯಲ್ಲಿ ಕಟ್ಟಿಸಿದ ಮನೆಯ ಸಾಲದ ಬಡ್ಡಿ 2 ಲಕ್ಷ, 80ಸಿ ಕಲಮಿನಡಿ 1.5 ಲಕ್ಷ, ತಮ್ಮ ಕುಟುಂಬದ ಆರೋಗ್ಯ ವಿಮೆಗೆ 25,000, ಅರುವತ್ತು ದಾಟಿದ ತಾಯಿತಂದೆಯರ ವಿಮೆಗೆ 50,000, ಪ್ರಮಾಣಿತ ಕಡಿತ 50,000. ವೃತ್ತಿ ತೆರಿಗೆಯ ಸಣ್ಣ ಮೊತ್ತವನ್ನು ಬದಿಗಿಟ್ಟರೆ ಕಳೆಯುವುದು ಒಟ್ಟು 6.55 ಲಕ್ಷ. ಉಳಿದ 8.45 ಲಕ್ಷಕ್ಕೆ ತೆರಿಗೆ 81,500. ಸೆಸ್ ಸೇರಿ 84,760 ರೂಪಾಯಿ. ಇವರಿಗೆ ಹಳೆಯ ಪದ್ಧತಿಯಲ್ಲಿ 12,740 ರೂಪಾಯಿ ಲಾಭ.

ಇದೇ ವ್ಯಕ್ತಿಗೆ ಊರಿನ ಮನೆಯ ಸಾಲವಿಲ್ಲವೆನ್ನಿ. ಉಳಿದದ್ದೆಲ್ಲ ಹಾಗೆಯೇ ಇದ್ದರೂ ಹಳೆಯ ಪದ್ಧತಿಯ ತೆರಿಗೆ 1,31,040ಕ್ಕೆ ಏರುತ್ತದೆ. ಆಗ ಹೊಸ ಪದ್ಧತಿಯೇ 33,540 ರೂಪಾಯಿಯಷ್ಟು ಅಗ್ಗ. ಹದಿನೈದು ಲಕ್ಷದ ವೇತನದಲ್ಲಿ ಎರಡೂ ಪದ್ಧತಿಗಳು ಸಮನಾಗಬೇಕಾದರೆ ಪ್ರಮಾಣಿತ ಕಡಿತವನ್ನು ಬಿಟ್ಟು ಇನ್ನೂ 5,43,750 ರೂಪಾಯಿಯ ಕಡಿತಗಳು ಬೇಕು. ಬಾಡಿಗೆ, ಗೃಹಸಾಲ, ವೃದ್ಧ ತಾಯಿತಂದೆಯರು ಎಂಬ ಮೂರು ಭಾರಗಳಲ್ಲಿ ಎರಡಾದರೂ ಇಲ್ಲದ ಮನೆ ಆ ಮೊತ್ತವನ್ನು ಮುಟ್ಟುವುದು ಬಲು ಕಷ್ಟ. ಆದುದರಿಂದ ಪಕ್ಕದ ಮೇಜಿನವರು ಏನು ಆರಿಸಿದರೆಂದು ಕೇಳಿ ಪ್ರಯೋಜನವಿಲ್ಲ. ಅವರ ಮನೆಯ ಭಾರ ಬೇರೆ, ನಮ್ಮದು ಬೇರೆ. ಎರಡು ಕಾಲಂ ಬರೆದು ನಾವೇ ಕೂಡಿಸಿ ಕಳೆಯಬೇಕು. ಅರ್ಧ ಗಂಟೆಯ ಕೆಲಸ. ವ್ಯಾಪಾರದ ಆದಾಯವಿಲ್ಲದ ವೇತನದಾರರು ಪ್ರತಿ ವರ್ಷವೂ ಆಯ್ಕೆಯನ್ನು ಬದಲಿಸಬಹುದು. ಕಚೇರಿಗೆ ಒಂದನ್ನು ತಿಳಿಸಿದ್ದರೂ ರಿಟರ್ನ್ಸ್ ಸಲ್ಲಿಸುವಾಗ ಮತ್ತೊಂದನ್ನು ಆರಿಸಿಕೊಳ್ಳಬಹುದು. ಆದರೆ ಹಳೆಯ ಪದ್ಧತಿ ಬೇಕೆಂದರೆ ಗಡುವಿನೊಳಗೆ ಸಲ್ಲಿಸಲೇಬೇಕು. ತಡವಾದರೆ ಆ ಬಾಗಿಲು ಮುಚ್ಚುತ್ತದೆ.

ಹಳೆಯ ಪದ್ಧತಿಯೇ ಲಾಭವೆಂದು ಕಂಡವರೂ ಕೊಳ್ಳುವುದಕ್ಕೆ ಓಡಬಾರದು. 80ಸಿ ಕಲಮಿನ ಒಂದೂವರೆ ಲಕ್ಷ ನಮಗೆ ಗೊತ್ತಿಲ್ಲದೆಯೇ ತುಂಬಿರುತ್ತದೆ. ಮೇಲಿನ ಉದಾಹರಣೆಯವರ ಮೂಲ ವೇತನದಲ್ಲಿ ಶೇ. 12ರಂತೆ ವರ್ಷಕ್ಕೆ 72,000 ರೂಪಾಯಿ ಭವಿಷ್ಯನಿಧಿಗೆ ತಾನಾಗಿಯೇ ಹೋಗುತ್ತದೆ. ಇಬ್ಬರು ಮಕ್ಕಳವರೆಗಿನ ಬೋಧನಾ ಶುಲ್ಕ ಅದಕ್ಕೆ ಸೇರುತ್ತದೆ. ಶಾಲೆಗೆ ಕೊಟ್ಟ ದೇಣಿಗೆ, ಅಭಿವೃದ್ಧಿ ಶುಲ್ಕ, ಬಸ್ಸಿನ ಹಣ ಸೇರುವುದಿಲ್ಲ. ಗೃಹಸಾಲದ ಅಸಲಿನ ಮರುಪಾವತಿಯೂ ಸೇರುತ್ತದೆ. ಇಷ್ಟರಲ್ಲಿಯೇ ಮಿತಿ ತುಂಬಿದರೆ ಮಾರ್ಚ್‌ನಲ್ಲಿ ಕೊಂಡ ಪಾಲಿಸಿಯಿಂದ ಒಂದು ರೂಪಾಯಿಯ ತೆರಿಗೆಯೂ ಉಳಿಯದು.

ಈ ಪಾಠವನ್ನು ನಾವು ದುಡ್ಡು ಕೊಟ್ಟು ಕಲಿತೆವು. ಹಲವು ವರ್ಷಗಳ ಹಿಂದೆ ಒಂದು ಮಾರ್ಚ್‌ನ ಕೊನೆಯ ವಾರ ಪರಿಚಯದ ಏಜೆಂಟರೊಬ್ಬರು ನಮ್ಮ ಮನೆಗೆ ಬಂದು, ದಾಕ್ಷಿಣ್ಯದ ಚಹಾ ಕುಡಿದು, ಇಪ್ಪತ್ತು ವರ್ಷಗಳ ಪಾಲಿಸಿಯೊಂದಕ್ಕೆ ಸಹಿ ಹಾಕಿಸಿಕೊಂಡು ಹೋದರು. ಆ ವರ್ಷ ನಮ್ಮ 80ಸಿ ಮೊದಲೇ ತುಂಬಿತ್ತೆಂಬುದು ಜುಲೈನಲ್ಲಿ ರಿಟರ್ನ್ಸ್ ತುಂಬುವಾಗ ತಿಳಿಯಿತು. ಕಂತು ಮಾತ್ರ ವರ್ಷವರ್ಷವೂ ತಪ್ಪಲಿಲ್ಲ. ವಿಮೆಯ ಮೊತ್ತವೋ, ಮನೆಯ ಯಜಮಾನ ಇಲ್ಲವಾದರೆ ಕುಟುಂಬಕ್ಕೆ ಎರಡು ವರ್ಷವೂ ಸಾಲದಷ್ಟು ಚಿಕ್ಕದು. ಏಜೆಂಟರ ಮೇಲೆ ಸಿಟ್ಟಿಲ್ಲ. ಅವರ ಕಸುಬು ಅದು. ಒಂದು ತೀರ್ಮಾನವನ್ನು ತೆರಿಗೆಯ ಭಯ ಮಾಡಲು ಬಿಟ್ಟದ್ದು ನಮ್ಮ ತಪ್ಪು. ಅಂದಿನಿಂದ ನಮ್ಮ ನಿಯಮ ಹೀಗಿದೆ: ತೆರಿಗೆಯ ಲಾಭವನ್ನು ಮರೆತು ನೋಡಿದಾಗಲೂ ಕೊಳ್ಳಬೇಕೆನಿಸಿದರೆ ಕೊಳ್ಳುವುದು. ಕೊಳ್ಳಬೇಕಾದದ್ದಿದ್ದರೆ ಏಪ್ರಿಲ್‌ನಲ್ಲಿಯೇ ಕೊಳ್ಳುವುದು. ಸಾರ್ವಜನಿಕ ಭವಿಷ್ಯನಿಧಿಗೆ ತಿಂಗಳ 5ನೆಯ ತಾರೀಖಿನೊಳಗೆ ಕಟ್ಟಿದ ಹಣಕ್ಕೆ ಆ ತಿಂಗಳ ಬಡ್ಡಿಯೂ ಸಿಗುತ್ತದೆ. ಏಪ್ರಿಲ್ 5ರೊಳಗೆ ಕಟ್ಟಿದವರಿಗೆ ಇಡೀ ವರ್ಷದ ಬಡ್ಡಿ, ಮಾರ್ಚ್ ಕೊನೆಗೆ ಕಟ್ಟಿದವರಿಗೆ ಆ ವರ್ಷದ ಬಡ್ಡಿಯೇ ಇಲ್ಲ.

ಊರು ಬಿಟ್ಟು ಬಂದವರಿಗೆ ವಿಶೇಷವಾಗಿ ತಿಳಿದಿರಬೇಕಾದದ್ದೊಂದಿದೆ. ಇಲ್ಲಿ ಬಾಡಿಗೆ ಮನೆಯಲ್ಲಿದ್ದು ಊರಿನಲ್ಲಿ ಸಾಲದ ಮನೆಯಿರುವವರು ಬಾಡಿಗೆ ಭತ್ಯೆಯ ವಿನಾಯಿತಿಯನ್ನೂ ಸಾಲದ ಬಡ್ಡಿಯ ಕಡಿತವನ್ನೂ ಒಟ್ಟಿಗೆ ಪಡೆಯಬಹುದು. ಎರಡರಲ್ಲಿ ಒಂದೇ ಸಾಧ್ಯವೆಂದು ನಂಬಿ ವರ್ಷಗಟ್ಟಲೆ ಬಡ್ಡಿಯ ಕಡಿತವನ್ನು ಬಿಟ್ಟುಕೊಟ್ಟ ಗೆಳೆಯರು ನಮ್ಮಲ್ಲಿದ್ದಾರೆ. ಉದ್ಯೋಗದ ನಿಮಿತ್ತ ಬೇರೆ ಊರಿನಲ್ಲಿ ಇರಬೇಕಾದ್ದರಿಂದ ಸ್ವಂತ ಮನೆಯಲ್ಲಿ ವಾಸಿಸಲಾಗದವರ ಸ್ಥಿತಿಯನ್ನು ಕಾನೂನು ಹಿಂದಿನಿಂದಲೂ ಒಪ್ಪಿಕೊಂಡಿದೆ. ಅಂತಹ ಮನೆಯನ್ನು ಬಾಡಿಗೆಗೆ ಕೊಡದೆ ಇಟ್ಟುಕೊಂಡಿದ್ದರೆ ಅದು ಸ್ವಂತ ವಾಸದ ಮನೆಯಂತೆಯೇ; ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ಕಡಿತ ಸಲ್ಲುತ್ತದೆ. ಬಾಡಿಗೆ ವರ್ಷಕ್ಕೆ 1 ಲಕ್ಷ ದಾಟಿದರೆ ಇಲ್ಲಿಯ ಮನೆಯ ಮಾಲೀಕರ ಪ್ಯಾನ್ ಸಂಖ್ಯೆಯನ್ನು ಕೊಡಬೇಕಾಗುತ್ತದೆ. ಅದನ್ನು ಮನೆ ಹಿಡಿಯುವಾಗಲೇ, ಕರಾರುಪತ್ರಕ್ಕೆ ಸಹಿಯಾಗುವ ದಿನವೇ ಕೇಳುವುದು ಲೇಸು.

ಇದೇ ಭತ್ಯೆಯ ವಿಷಯದಲ್ಲಿ ಹೈದರಾಬಾದಿನವರಿಗೆ ನ್ಯಾಯವಾದ ದೂರೊಂದಿತ್ತು. 2025-26ರಲ್ಲಿ ಮುಂಬಯಿ, ಕೋಲ್ಕತ, ದೆಹಲಿ, ಚೆನ್ನೈ ನಾಲ್ಕು ಊರುಗಳಿಗೆ ಮಾತ್ರ ಮೂಲ ವೇತನದ ಶೇ. 50ರ ಮಿತಿಯಿತ್ತು. ಹೈದರಾಬಾದ್, ಬೆಂಗಳೂರುಗಳನ್ನು ಕಾನೂನು ಆಗಲೂ ಸಣ್ಣ ಊರುಗಳ ಸಾಲಿನಲ್ಲಿಯೇ ಕೂರಿಸಿ ಶೇ. 40 ಎನ್ನುತ್ತಿತ್ತು. ಗಚ್ಚಿಬೌಲಿ, ಕೊಂಡಾಪುರಗಳಲ್ಲಿ ಮನೆ ಹುಡುಕಿದವರಿಗೆ ಇದು ಯಾವ ಕಾಲದ ಭೂಗೋಳವೆಂದು ಅನಿಸದೆ ಇರಲಿಲ್ಲ. ಲೆಕ್ಕ ಹಾಕಿ ನೋಡಿದರೆ, ಬಾಡಿಗೆ ಮೂಲ ವೇತನದ ಅರ್ಧವನ್ನು ದಾಟಿದಾಗಲೇ ಈ ಮಿತಿ ತಟ್ಟುತ್ತಿತ್ತು; ಹೆಚ್ಚಾಗಿ ತಟ್ಟುತ್ತಿದ್ದದ್ದು ಆಗಷ್ಟೇ ಕೆಲಸಕ್ಕೆ ಸೇರಿದ ಕಿರಿಯರಿಗೆ. 80ಸಿ ಕಲಮಿನ ಒಂದೂವರೆ ಲಕ್ಷದ ಮಿತಿಯೂ 2014ರಿಂದ ಕದಲಿಲ್ಲ. ಈ ನಡುವೆ ಶಾಲೆಯ ಶುಲ್ಕ ಎಷ್ಟು ಪಟ್ಟು ಏರಿತೆಂಬುದನ್ನು ಮಕ್ಕಳಿರುವವರಿಗೆ ಹೇಳಬೇಕಾಗಿಲ್ಲ.

ಇನ್ನು ನಾವು ಬಿಟ್ಟುಕೊಡುತ್ತಿರುವ ಕಡಿತಗಳ ಮಾತು. ಹುಸೇನ್ ಸಾಗರ ಎಕ್ಸ್‌ಪ್ರೆಸ್ಸಿನಲ್ಲಿ ಕಲಬುರಗಿಯ ಕಡೆಯಿಂದ ತಾಯಿತಂದೆಯರನ್ನು ಇಲ್ಲಿಯ ಆಸ್ಪತ್ರೆಗಳಿಗೆ ಕರೆತರುವವರನ್ನು ನಾವೆಲ್ಲ ಬಲ್ಲೆವು. ಅವರಲ್ಲಿ ಅನೇಕ ಹಿರಿಯರಿಗೆ ವಿಮೆಯಿಲ್ಲ; ವಯಸ್ಸಾದ ಮೇಲೆ ಕೊಡುವವರೂ ಕಡಿಮೆ. ವಿಮೆಯಿಲ್ಲದ ಮೇಲೆ ಕಡಿತವೂ ಇಲ್ಲವೆಂದು ಮಕ್ಕಳು ತಿಳಿದಿದ್ದಾರೆ. ಅದು ತಪ್ಪು. ಅರುವತ್ತು ದಾಟಿದ, ಆರೋಗ್ಯ ವಿಮೆಯಿಲ್ಲದ ತಾಯಿತಂದೆಯರ ಚಿಕಿತ್ಸೆ, ಔಷಧಿಗಳಿಗೆ ಮಾಡಿದ ವೆಚ್ಚವನ್ನು 80ಡಿ ಕಲಮಿನಡಿ ವರ್ಷಕ್ಕೆ 50,000 ರೂಪಾಯಿಯವರೆಗೆ ಕಳೆಯಬಹುದು. ಷರತ್ತು ಒಂದೇ: ಹಣವನ್ನು ನಗದಾಗಿ ಕೊಟ್ಟಿರಬಾರದು. ತಿಂಗಳು ತಿಂಗಳೂ ತಾಯಿಯ ಕೈಗೆ ನೋಟು ಕೊಟ್ಟು ಬರುವ ಬದಲು ಔಷಧಿಯಂಗಡಿಗೂ ಆಸ್ಪತ್ರೆಗೂ ಮಕ್ಕಳೇ ನೇರವಾಗಿ ಬ್ಯಾಂಕಿನ ಮೂಲಕ ಕೊಟ್ಟು ಬಿಲ್ಲುಗಳನ್ನು ಒಂದು ಲಕೋಟೆಯಲ್ಲಿ ಕೂಡಿಟ್ಟರೆ ಸಾಕು.

ಇನ್ನೊಂದು ಕಡಿತದ ಬಗ್ಗೆ ಬರೆಯುವಾಗ ನಮ್ಮ ಕೈ ಸ್ವಲ್ಪ ತಡೆಯುತ್ತದೆ. ಮನೆಯಲ್ಲಿ ಅಂಗವೈಕಲ್ಯವುಳ್ಳ ಮಗುವೋ ಸೋದರನೋ ಸೋದರಿಯೋ ಇದ್ದು, ಅವರ ಪಾಲನೆಯ ಹೊಣೆ ನಮ್ಮದಾಗಿದ್ದರೆ 80ಡಿಡಿ ಕಲಮಿನಡಿ 75,000 ರೂಪಾಯಿ, ವೈಕಲ್ಯ ಶೇ. 80 ಅಥವಾ ಅದಕ್ಕಿಂತ ಹೆಚ್ಚಿದ್ದರೆ 1.25 ಲಕ್ಷ ರೂಪಾಯಿ ಕಳೆಯಬಹುದು. ಎಷ್ಟು ವೆಚ್ಚವಾಯಿತೆಂಬ ಲೆಕ್ಕ ಬೇಡ; ಆರೈಕೆಗೆ ವೆಚ್ಚ ಮಾಡಿದ್ದರೆ ಪೂರ್ತಿ ಮೊತ್ತ ಸಲ್ಲುತ್ತದೆ. ಬೇಕಾದದ್ದು ವೈದ್ಯಕೀಯ ಪ್ರಮಾಣಪತ್ರ. ಆ ಪತ್ರ ಮಾಡಿಸಲು ಹಿಂಜರಿಯುವ, ಕಚೇರಿಯ ನಮೂನೆಯಲ್ಲಿ ಮಗುವಿನ ಸ್ಥಿತಿಯನ್ನು ಬರೆಯಲು ಮನಸ್ಸಾಗದ ತಾಯಿತಂದೆಯರನ್ನು ನಾವು ಕಂಡಿದ್ದೇವೆ. ಅವರ ಸಂಕೋಚ ನಮಗೆ ಅರ್ಥವಾಗುತ್ತದೆ. ಆದರೆ ಆ ಮಗುವಿನ ಹೆಸರಿನಲ್ಲಿ ಉಳಿಯುವ ಹಣ ಆ ಮಗುವಿನದು. ಅದನ್ನು ಬಿಟ್ಟುಕೊಡಲು ನಮಗೆ ಅಧಿಕಾರವಿಲ್ಲ.

ಉಳಿದವುಗಳನ್ನು ಬೇಗ ಹೇಳಿಬಿಡಬಹುದು. ಉನ್ನತ ಶಿಕ್ಷಣದ ಸಾಲದ ಬಡ್ಡಿಗೆ ಎಂಟು ವರ್ಷಗಳವರೆಗೆ ಮೇಲ್ಮಿತಿಯಿಲ್ಲದ ಕಡಿತವಿದೆ. ಹಿರಿಯ ನಾಗರಿಕರ ಬ್ಯಾಂಕು, ಅಂಚೆ ಠೇವಣಿಗಳ ಬಡ್ಡಿಯಲ್ಲಿ 50,000 ರೂಪಾಯಿಯವರೆಗೆ ಕಳೆಯಬಹುದು. 80ಜಿ ಮನ್ನಣೆ ಪಡೆದ ಸಂಸ್ಥೆಗೆ ಕೊಟ್ಟ ದೇಣಿಗೆಗೂ ಕಡಿತವಿದೆ. 2,000 ರೂಪಾಯಿ ಮೀರಿದ ನಗದು ಮಾತ್ರ ಸಲ್ಲದು. ನಮ್ಮ ಕನ್ನಡ ಸಂಘಗಳು ಈ ಮನ್ನಣೆ ಪಡೆದು ಕ್ರಮವಾಗಿ ಪ್ರಮಾಣಪತ್ರ ಕೊಡುವಂತಾದರೆ ರಾಜ್ಯೋತ್ಸವದ ಚಂದಾ ಕೇಳುವ ದನಿಯೂ ಸ್ವಲ್ಪ ಗಟ್ಟಿಯಾದೀತು. ಇವೆಲ್ಲವೂ ಹಳೆಯ ಪದ್ಧತಿಯವರಿಗೆ ಮಾತ್ರ. ಹೊಸ ಪದ್ಧತಿಯಲ್ಲಿ ಉಳಿದಿರುವ ದೊಡ್ಡ ಅನುಕೂಲವೆಂದರೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ ಉದ್ಯೋಗದಾತರು ಕಟ್ಟುವ ಪಾಲು: ಮೂಲ ವೇತನದ ಶೇ. 14ರವರೆಗೆ ಅದಕ್ಕೆ ಕಡಿತವಿದೆ. ವೇತನವನ್ನು ಹಾಗೆ ಹೊಂದಿಸಿಕೊಡುವಿರಾ ಎಂದು ಕಚೇರಿಯನ್ನು ಕೇಳಬೇಕಾದವರು ನಾವೇ.

ನಿಜವಾದವನ್ನು ಹೀಗೆ ಬಿಡುವ ನಾವೇ ಸುಳ್ಳನ್ನು ಬರೆಯುತ್ತೇವೆ. ಸ್ವಂತ ಮನೆಯಲ್ಲಿದ್ದು ಮಾವನ ಹೆಸರಿನ ಬಾಡಿಗೆ ಚೀಟಿ. ಯಾವ ರಾಜಕೀಯ ಪಕ್ಷದ ಸಭೆಗೂ ಹೋಗದವರಿಂದ ಪಕ್ಷಕ್ಕೆ ಲಕ್ಷದ ದೇಣಿಗೆ. ಇಲ್ಲದ ಕಾಯಿಲೆಗೆ ಚಿಕಿತ್ಸೆ. ಈ ಊರಿನಲ್ಲಿ ಇದನ್ನೇ ವ್ಯಾಪಾರ ಮಾಡಿಕೊಂಡ ಮಧ್ಯವರ್ತಿಗಳಿದ್ದಾರೆ. ನಮ್ಮ ಗೆಳೆಯರೊಬ್ಬರು ಅಂತಹವನೊಬ್ಬನಿಗೆ ತಮ್ಮ ಪಾಸ್‌ವರ್ಡನ್ನೇ ಒಪ್ಪಿಸಿದರು. ಮರುಪಾವತಿ ಬಂದಿತು, ಅದರಲ್ಲಿ ಒಂದು ಪಾಲು ಅವನಿಗೆ ಹೋಯಿತು. ಎರಡು ವರ್ಷಗಳ ನಂತರ ನೋಟಿಸು ಬಂದಾಗ ಅವನ ಫೋನು ಸತ್ತಿತ್ತು. ತಮ್ಮ ಹೆಸರಿನಲ್ಲಿ ಏನೇನು ಬರೆಯಲಾಗಿದೆಯೆಂದು ಗೆಳೆಯರು ಅಂದೇ ಮೊದಲು ಓದಿದರು. ತೆರಿಗೆ, ಬಡ್ಡಿ, ದಂಡ ಎಲ್ಲ ಸೇರಿ ಕಟ್ಟಿದ್ದು ಸಣ್ಣ ಮೊತ್ತವಲ್ಲ. ಅದಕ್ಕಿಂತ ಹೆಚ್ಚಾಗಿ, ಮನೆಯವರ ಮುಂದೆ ಅದನ್ನು ವಿವರಿಸಬೇಕಾಗಿ ಬಂದ ಸಂಜೆಯನ್ನು ಅವರು ಇಂದಿಗೂ ಮರೆತಿಲ್ಲ.

ಇದು ಒಬ್ಬರ ಕಥೆಯಲ್ಲ. 2025ರ ಜುಲೈ 14ರಂದು ಆದಾಯ ತೆರಿಗೆ ಇಲಾಖೆ ದೇಶದ 150 ಸ್ಥಳಗಳಲ್ಲಿ ಸುಳ್ಳು ಕಡಿತಗಳ ಬಗ್ಗೆ ಪರಿಶೀಲನೆ ನಡೆಸಿತು. ಅದಕ್ಕೆ ಹಿಂದಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ಮಂದಿ ತಮ್ಮ ರಿಟರ್ನ್ಸ್ ತಿದ್ದಿ 1,045 ಕೋಟಿ ರೂಪಾಯಿಯ ಸುಳ್ಳು ಕಡಿತಗಳನ್ನು ತಾವಾಗಿಯೇ ಹಿಂಪಡೆದರೆಂದು ಇಲಾಖೆ ತಿಳಿಸಿತು. 2025ರಿಂದ ನಮೂನೆಯೂ ಬದಲಾಗಿದೆ. ಒಟ್ಟು ಮೊತ್ತ ಬರೆದರೆ ಸಾಲದು, ಪಾಲಿಸಿಯ ಸಂಖ್ಯೆ, ವಿಮಾ ಸಂಸ್ಥೆಯ ಹೆಸರು, ಬಾಡಿಗೆಯ ವಿವರ ಎಲ್ಲವನ್ನೂ ಕೊಡಬೇಕು. ಆದಾಯವನ್ನು ತಪ್ಪಾಗಿ ತೋರಿಸಿದ್ದಕ್ಕೆ ದಂಡ ಆ ತೆರಿಗೆಯ ಶೇ. 200ರಷ್ಟು. ಈಗಾಗಲೇ ತಪ್ಪು ಮಾಡಿದವರಿಗೂ ದಾರಿಯಿದೆ: 2025ರ ತಿದ್ದುಪಡಿಯಂತೆ ನಾಲ್ಕು ವರ್ಷಗಳವರೆಗೆ, ಹೆಚ್ಚುವರಿ ತೆರಿಗೆ ಕಟ್ಟಿ, ಪರಿಷ್ಕೃತ ಲೆಕ್ಕ ಸಲ್ಲಿಸಬಹುದು. ತಡವಾದಷ್ಟೂ ಆ ಹೆಚ್ಚುವರಿ ಏರುತ್ತದೆ.

ಇಲ್ಲಿ ಒಂದು ಪ್ರತಿವಾದವಿದೆ. ವೇತನದಾರನ ಆದಾಯ ಕಿಟಕಿಯಿಲ್ಲದ ಕೋಣೆಯಂತೆ. ಕೈಗೆ ಬರುವ ಮೊದಲೇ ತೆರಿಗೆ ಹೋಗಿರುತ್ತದೆ. ಕೋಟಿ ವ್ಯವಹಾರ ಮಾಡುವವರು ತಪ್ಪಿಸಿಕೊಳ್ಳುವಾಗ ನಾವು ಒಂದು ಚೀಟಿ ಬರೆದರೆ ಏನು ಮಹಾಪರಾಧವೆಂದು ನಮ್ಮ ಸಭೆಯಲ್ಲಿಯೇ ಒಬ್ಬರು ಕೇಳಿದರು. ಆ ಕಹಿ ನಮಗೂ ಇದೆ. ಆದರೆ ಸುಳ್ಳು ಚೀಟಿಯಿಂದ ಆ ಅನ್ಯಾಯ ಸರಿಯಾಗುವುದಿಲ್ಲ. ಶೇ. 40ರ ಮಿತಿ ತಪ್ಪೆಂದು ಹೇಳುವ ನಮ್ಮ ನಾಲಗೆಯೇ ಅದರಿಂದ ಕಟ್ಟಿಹೋಗುತ್ತದೆ. ಸುಳ್ಳು ಚೀಟಿಗಳು ಹೆಚ್ಚಿದಷ್ಟೂ ನಿಜವಾದ ಬಾಡಿಗೆ ಕೊಡುವವನು ಇನ್ನೊಂದು ದಾಖಲೆ ತರಬೇಕಾಗುತ್ತದೆ. ಕೊನೆಗೆ, ಕಡಿತಗಳನ್ನೇ ತೆಗೆದುಹಾಕಿಬಿಡೋಣವೆಂಬ ವಾದಕ್ಕೆ ಬಲ ಬರುವುದೂ ಇದರಿಂದಲೇ.

ಆ ವಾದ ಈಗ ಬಹುಮಟ್ಟಿಗೆ ಗೆದ್ದಿದೆ. ಇಲ್ಲಿಯೇ ಹೊಸ ಪದ್ಧತಿಯೊಡನೆ ನಮ್ಮ ತಕರಾರು. ಅದು ಸರಳವೆಂಬುದನ್ನು ಒಪ್ಪುತ್ತೇವೆ. ದರಗಳು ಕಡಿಮೆ, ಚೀಟಿಗಳು ಬೇಡ, ಮಧ್ಯವರ್ತಿಗೆ ಕೆಲಸವಿಲ್ಲ, ಬೇಡದ ಪಾಲಿಸಿ ಕೊಳ್ಳುವ ಒತ್ತಾಯವಿಲ್ಲ. ಬಹಳಷ್ಟು ಮನೆಗಳಿಗೆ ಅದು ನಿಜವಾಗಿಯೂ ಒಳ್ಳೆಯದು. ಆದರೆ ಅದು ಸಂಪಾದಿಸುವ ವ್ಯಕ್ತಿಯನ್ನು ಮಾತ್ರ ನೋಡುತ್ತದೆ. ಅವನ ಹಿಂದಿರುವ ಮನೆಯನ್ನು ನೋಡುವುದಿಲ್ಲ. ಹದಿನೈದು ಲಕ್ಷ ಪಡೆಯುವ ಒಂಟಿ ಯುವಕನಿಗೂ, ಅಷ್ಟನ್ನೇ ಪಡೆದು ಇಬ್ಬರು ವೃದ್ಧರನ್ನೂ ವಿಶೇಷ ಆರೈಕೆ ಬೇಕಾದ ಒಂದು ಮಗುವನ್ನೂ ಸಾಕುವ ತಾಯಿಗೂ ಅದರ ಎದುರು ಭೇದವಿಲ್ಲ. ಉಳಿತಾಯಕ್ಕೆ ಕೊಟ್ಟ ಪ್ರೋತ್ಸಾಹ ಹೋದರೆ ಹೋಗಲಿ. ಉಳಿಸುವುದನ್ನು ನಾವೇ ಕಲಿಯಬೇಕು. ಉಪಭೋಗಕ್ಕೂ ಹೊಣೆಗೂ ನಡುವಿನ ಗೆರೆಯನ್ನು ಕಾನೂನು ಅಳಿಸಬಾರದು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಜಿಎಸ್‌ಟಿಯನ್ನು ತೆಗೆದಿರುವ ಸರ್ಕಾರ, ವೃದ್ಧ ತಾಯಿತಂದೆಯರ ವೈದ್ಯಕೀಯ ವೆಚ್ಚ ಮತ್ತು ಅಂಗವಿಕಲರ ಪಾಲನೆಯ ಕಡಿತಗಳೆರಡನ್ನಾದರೂ ಹೊಸ ಪದ್ಧತಿಯೊಳಗೆ ತರಬೇಕೆಂದು ನಾವು ಕೇಳುತ್ತೇವೆ. 2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಸ್ಥಾನದಲ್ಲಿ 2025ರ ಆದಾಯ ತೆರಿಗೆ ಕಾಯ್ದೆ. ಬಾಯಿಪಾಠವಾಗಿರುವ 80ಸಿ ಅಲ್ಲಿ 123ನೆಯ ಕಲಮು. ಸಂಖ್ಯೆ ಬದಲಾದಾಗ ನೋಟವೂ ಸ್ವಲ್ಪ ಬದಲಾದರೆ ಚೆನ್ನು.

ತೆಲಂಗಾಣದ ಪಾಲ್ಕುರಿಕೆ ಸೋಮನಾಥ ತೆಲುಗಿನಲ್ಲಿ ಬರೆದ ಬಸವಪುರಾಣವನ್ನು ಭೀಮಕವಿ 1369ರಲ್ಲಿ ಕನ್ನಡಕ್ಕೆ ತಂದನು. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣ ಅರಮನೆಯ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾನೆಂದು ಕೆಲವರು ದೂರಿದಾಗ ಭಂಡಾರವನ್ನು ಎಣಿಸಿ ನೋಡಿದ ಕಥೆ ಆ ಪರಂಪರೆಯಲ್ಲಿ ಬರುತ್ತದೆ. ಲೆಕ್ಕ ಸರಿಯಾಗಿತ್ತು. ಪುರಾಣ ಅದನ್ನು ಪವಾಡವೆನ್ನುತ್ತದೆ. ನಮಗೆ ಪವಾಡ ಬೇಕಿಲ್ಲ. ಒಂದು ನೋಟುಪುಸ್ತಕ, ಒಂದು ಬಿಲ್ಲಿನ ಲಕೋಟೆ, ಏಪ್ರಿಲ್‌ನ ಒಂದು ಭಾನುವಾರ ಸಾಕು. ಅಂದು ಮನೆಯವರೆಲ್ಲ ಕೂತು ಈ ವರ್ಷ ಯಾರ ಹೊಣೆ ಏನಿದೆ, ಎಷ್ಟು ಬಾಡಿಗೆ, ಎಷ್ಟು ಬಡ್ಡಿ, ಅಮ್ಮನ ಔಷಧಿಗೆ ಎಷ್ಟು ಎಂದು ಬರೆದುಕೊಳ್ಳೋಣ. ಕಾನೂನು ಕೊಡುವುದರಲ್ಲಿ ನಮ್ಮದಾದ ಒಂದು ರೂಪಾಯಿಯನ್ನೂ ಬಿಡಬೇಕಾಗಿಲ್ಲ, ನಮ್ಮದಲ್ಲದ ಒಂದು ರೂಪಾಯಿಯನ್ನೂ ಬರೆಯಬೇಕಾಗಿಲ್ಲ. ಬಷೀರ್‌ಬಾಗಿನ ಆಯಕರ್ ಭವನದಿಂದ ಯಾರಾದರೂ ಎಂದಾದರೂ ಎಣಿಸಿ ನೋಡುವೆವೆಂದರೆ ಆ ನೋಟುಪುಸ್ತಕವನ್ನು ಮುಂದಿಟ್ಟು ಸುಮ್ಮನೆ ಕೂರಬಹುದು.